ಕಂದು ಹಾಕಿದ ಹಸು, ಸಂಜೆ ಬರುವ ಜ್ವರ

(ಜುಲೈ 6, ವಿಶ್ವ ಪ್ರಾಣಿಜನ್ಯ ರೋಗಗಳ ದಿನದಂದು ಒಂದು ಹಳ್ಳಿಯ ಹಾಲಿನ ಡೇರಿ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗಿನ ಹಾಲು ಹಾಕಿ, ಕ್ಯಾನ್ ತೊಳೆದಿಟ್ಟು, ಮನೆಗೆ ಹೋಗದೆ ಇಲ್ಲೇ ಕೂತಿದ್ದೀರಿ. ಮನೆಯಲ್ಲಿ ಎಷ್ಟು ಕೆಲಸ ಬಿದ್ದಿದೆ ಅಂತ ನನಗೆ ಗೊತ್ತು. ಅದಕ್ಕೇ ಹತ್ತು ರೋಗಗಳ ಹೆಸರು ಹೇಳಲು ಹೋಗುವುದಿಲ್ಲ. ಒಂದೇ ಕಾಯಿಲೆಯ ವಿಷಯ ಮಾತಾಡುತ್ತೇನೆ. ನೀವು ಅದನ್ನು ಕಂದು ರೋಗ ಅನ್ನುತ್ತೀರಿ. ದಿನ ತುಂಬುವ ಮೊದಲೇ ಗಬ್ಬ ಇಳಿದುಹೋಗುವುದಕ್ಕೆ ಕಂದು ಹಾಕುವುದು ಅನ್ನುತ್ತೇವಲ್ಲ, ಅದಕ್ಕೇ ಆ ಹೆಸರು. ಪುಸ್ತಕದಲ್ಲಿ ಅದರ ಹೆಸರು ಬ್ರುಸೆಲ್ಲೋಸಿಸ್. ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಬರುತ್ತದೆ. ಅವುಗಳಿಂದ ನಮಗೂ ಬರುತ್ತದೆ. ನನಗೆ ಬಂದಿತ್ತು.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಜಡಿ ಮಳೆ. ರಾತ್ರಿ ಹತ್ತರ ಮೇಲೆ ಒಬ್ಬರು ಸೈಕಲ್ ತುಳಿದುಕೊಂಡು ಬಂದರು. ‘ಡಾಕ್ಟ್ರೇ, ನಿನ್ನೆ ಬೆಳಿಗ್ಗೆ ಹಸು ಕಂದು ಹಾಕ್ತು. ಇನ್ನೂ ಕಸ ಬಿದ್ದಿಲ್ಲ. ಈಗ ಮೇವೂ ಮುಟ್ತಿಲ್ಲ’ ಅಂದರು. ಕಸ ಅಂದರೆ ಕರುವಿನ ಹಿಂದೆ ಬೀಳುವ ಮಾಸು. ಹೋದೆ. ಆರು ತಿಂಗಳ ಗಬ್ಬ. ಮೊದಲ ಸೂಲಿನ ಕಡಸು. ಆಸ್ಪತ್ರೆಯಲ್ಲಿ ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಖಾಲಿಯಾಗಿ ಎರಡು ವಾರ ಆಗಿತ್ತು. ಸೋಪು ಹಾಕಿ ಮೊಣಕೈ ಮೇಲಿನವರೆಗೂ ತೊಳೆದುಕೊಂಡೆ, ಕೊಬ್ಬರಿ ಎಣ್ಣೆ ಸವರಿಕೊಂಡು ಬರಿಗೈ ಹಾಕಿದೆ. ಬೆರಳಿನ ಮೇಲೆ ಹಿಂದಿನ ದಿನ ತಂತಿ ಬೇಲಿ ಗೀರಿದ ಗಾಯ ಇತ್ತು. ಅದನ್ನು ನೋಡಿದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಕಸ ನನಗೆ ಇವತ್ತಿಗೂ ಕೈಯಲ್ಲೇ ಇದ್ದ ಹಾಗಿದೆ. ಸರಿಯಾಗಿ ಕರು ಹಾಕಿದ ಹಸುವಿನ ಕಸ ತೆಳ್ಳಗೆ ಜಾರುತ್ತಿರುತ್ತದೆ ಅಲ್ವಾ? ಇದು ನೆನೆದ ಚರ್ಮದ ಹಾಗೆ ದಪ್ಪ, ಒರಟು. ಅದರಲ್ಲಿರುವ ಗುಂಡಿಯಂಥ ಗಂಟುಗಳ ಮೇಲೆಲ್ಲ ಹಳದಿ ಲೋಳೆ. ಬಿಡಿಸುತ್ತಾ ಅರ್ಧ ಗಂಟೆ ಆಯಿತು. ಆ ಅರ್ಧ ಗಂಟೆಯೂ ಮನೆಯ ಯಜಮಾನಿ ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಬಾಲ ಹಿಡಿದು ನಿಂತಿದ್ದರು. ಕಂದನ್ನು ಎತ್ತಿ ತಿಪ್ಪೆಗೆ ಹಾಕಿದ್ದೂ ಅವರೇ, ಬರಿಗೈಯಲ್ಲಿ. ನೆಲಕ್ಕೆ ಸಗಣಿ ಸಾರಿಸಿದ್ದೂ ಅವರೇ. ಕೆಲಸ ಮುಗಿದ ಮೇಲೆ ಅದೇ ಸೆರಗಿಗೆ ಕೈ ಒರೆಸಿಕೊಂಡು ನನಗೆ ಕಾಫಿ ತಂದುಕೊಟ್ಟರು.

ಮೂರು ವಾರ ಕಳೆದಿರಬೇಕು. ಸಂಜೆ ನಾಲ್ಕಾದರೆ ಮೈ ಬೆಚ್ಚಗಾಗುವುದಕ್ಕೆ ಶುರುವಾಯಿತು. ರಾತ್ರಿ ಚಳಿ, ಮಧ್ಯರಾತ್ರಿ ಬೆವರು. ಚಾಪೆ, ಹೊದಿಕೆ ಎಲ್ಲ ಒದ್ದೆ. ಆ ಬೆವರಿಗೆ ಮಳೆಯಲ್ಲಿ ನೆನೆದ ಹುಲ್ಲಿನ ಮೆದೆಯ ವಾಸನೆ. ಬೆಳಿಗ್ಗೆ ಎದ್ದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಇರುತ್ತಿದ್ದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಮಲಗುವವನನ್ನು ಯಾರು ನಂಬುತ್ತಾರೆ ಹೇಳಿ. ಒಂದು ಆಸ್ಪತ್ರೆಯಲ್ಲಿ ಟೈಫಾಯಿಡ್ ಅಂದರು, ಡ್ರಿಪ್ ಹಾಕಿದರು. ಹತ್ತು ದಿನ ಚೆನ್ನಾಗಿದ್ದೆ, ಮತ್ತೆ ಬಂತು. ಇನ್ನೊಂದು ಕಡೆ ಕ್ಷಯ ಇರಬಹುದು ಅಂದರು. ಸೊಂಟ ಹಿಡಿದುಕೊಂಡಿತು. ಎರಡು ತಿಂಗಳಲ್ಲಿ ಬೆಲ್ಟಿಗೆ ಎರಡು ತೂತು ಜಾಸ್ತಿ ಹಾಕಿಸಿದೆ.

ಕೊನೆಗೆ ನಮ್ಮ ಇಲಾಖೆಯ ಹಿರಿಯರೊಬ್ಬರು ನೋಡಲು ಬಂದರು. ಹಣೆ ಮುಟ್ಟಿ ನೋಡಲಿಲ್ಲ, ನಾಲಿಗೆ ನೋಡಲಿಲ್ಲ. ಒಂದೇ ಮಾತು ಕೇಳಿದರು. ‘ಈಚೆಗೆ ಕಂದು ಹಾಕಿದ ಹಸುವಿಗೆ ಕೈ ಹಾಕಿದ್ದೆಯೇನಪ್ಪಾ?’

ಆ ಪ್ರಶ್ನೆಯಿಂದ ರಕ್ತ ಪರೀಕ್ಷೆ ಆಯಿತು, ಕಾಯಿಲೆ ಯಾವುದು ಅಂತ ಗೊತ್ತಾಯಿತು. ಎರಡು ಥರದ ಮಾತ್ರೆ, ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಆರು ವಾರ. ರಿಫಾಂಪಿಸಿನ್ ತಿಂದರೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮನೆಯವಳು ಹೆದರಿ ಅತ್ತೇಬಿಟ್ಟಳು. ಮೊದಲೇ ಹೇಳಿರಲಿಲ್ಲ, ತಪ್ಪು ನನ್ನದು. ಜ್ವರ ಹತ್ತು ದಿನಕ್ಕೇ ಬಿಟ್ಟಿತು. ಆದರೆ ಮಾತ್ರೆ ಬಿಡಬಾರದು. ಈ ರೋಗಾಣು ನಮ್ಮ ದೇಹದ ಕಣಗಳ ಒಳಗೇ ಅಡಗಿ ಕೂರುತ್ತದೆ. ಮಧ್ಯದಲ್ಲಿ ಬಿಟ್ಟವರಿಗೆ ಮತ್ತೆ ಬಂದಿದ್ದನ್ನು ಆಮೇಲೆ ನಾನೇ ಬೇಕಾದಷ್ಟು ನೋಡಿದ್ದೇನೆ.

ನಾನು ಈಗ ಹೇಳುವುದು ನನಗೆ ನಾಚಿಕೆಯಾಗುವ ವಿಷಯ. ನನಗೆ ವಾಸಿಯಾಗಿ, ಕೆಲಸಕ್ಕೆ ವಾಪಸ್ ಬಂದು, ತಿಂಗಳ ಮೇಲೆ ನನಗೆ ಆ ಯಜಮಾನಿಯ ನೆನಪಾಯಿತು. ಹೋಗಿ ನೋಡಿದೆ. ಸೊಂಟಕ್ಕೆ ಹಳೇ ಸೀರೆ ಬಿಗಿದು ಕಟ್ಟಿಕೊಂಡು ಹುಲ್ಲು ಹಾಕುತ್ತಿದ್ದರು. ಕೇಳಿದೆ. ಮಂಡಿ ನೋವು, ಸೊಂಟ ನೋವು, ಸಂಜೆ ಹೊತ್ತು ‘ಮೈ ಕಾವು’. ಕೆಲಸ ಜಾಸ್ತಿ, ವಯಸ್ಸಾಯ್ತು ಅಂತ ಮನೆಯವರೂ ಅಂದುಕೊಂಡಿದ್ದರು, ಅವರೂ ಹಾಗೇ ಅಂದುಕೊಂಡಿದ್ದರು. ನಲವತ್ತು ತುಂಬಿರಲಿಲ್ಲ ಅವರಿಗೆ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಅದೇ ಕಾಯಿಲೆ. ನನಗೆ ಆ ಪ್ರಶ್ನೆ ಕೇಳುವವರು ಒಬ್ಬರಿದ್ದರು. ಅವರಿಗೆ ಕೇಳಬೇಕಾಗಿದ್ದವನು ನಾನು. ಅಷ್ಟು ದಿನ ಕೇಳಿರಲಿಲ್ಲ.

ಅವತ್ತಿನಿಂದ ಈ ವಿಷಯ ಹೇಳುತ್ತಾ ಬಂದಿದ್ದೇನೆ.

ಈ ರೋಗ ಗೊತ್ತಾದ ಕಥೆ ದೂರದ ಒಂದು ದ್ವೀಪದ್ದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ. ಅಲ್ಲಿ ಬ್ರಿಟಿಷರ ಸೈನ್ಯ ಇತ್ತು. ಸೈನಿಕರಿಗೆ ತಿಂಗಳುಗಟ್ಟಲೆ ಬಿಡದ ಜ್ವರ. ಮಾಲ್ಟಾ ಜ್ವರ ಅಂತಲೇ ಕರೆದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯರು ಸತ್ತ ಸೈನಿಕರ ಗುಲ್ಮದಿಂದ ರೋಗಾಣು ಬೇರ್ಪಡಿಸಿದರು. ಬ್ರುಸೆಲ್ಲಾ ಅನ್ನುವುದು ಅವರ ಹೆಸರೇ. ರೋಗಾಣು ಸಿಕ್ಕಿತು, ಆದರೆ ಅದು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾಗಲು ಇನ್ನೂ 18 ವರ್ಷ ಬೇಕಾಯಿತು. ಸೊಳ್ಳೆ ಇರಬಹುದು, ಧೂಳು ಇರಬಹುದು, ನೀರು ಇರಬಹುದು ಅಂತ ಎಲ್ಲ ನೋಡಿದರು. ಮೇಕೆಗಳನ್ನು ಯಾರೂ ಅನುಮಾನಿಸಲಿಲ್ಲ. ಯಾಕೆ? ಮೇಕೆಗಳು ಚೆನ್ನಾಗಿದ್ದವು! ಮೈ ತುಂಬಿಕೊಂಡು, ಬೀದಿ ಬೀದಿ ಸುತ್ತುತ್ತಿದ್ದವು. ಅಲ್ಲಿ ಮೇಕೆಯನ್ನು ಮನೆ ಬಾಗಿಲಿಗೇ ಹೊಡೆದುಕೊಂಡು ಬಂದು, ಕಣ್ಣೆದುರೇ ಕರೆದು ಕೊಡುವ ಪದ್ಧತಿ. ನೀರು ಬೆರೆಸಿಲ್ಲ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ ಅಂತ ಜನ ಸಂತೋಷವಾಗಿ ಕುಡಿಯುತ್ತಿದ್ದರು.

1905ರಲ್ಲಿ ಅಲ್ಲಿನವರೇ ಆದ ಥೆಮಿಸ್ಟೋಕ್ಲಿಸ್ ಝಾಮಿಟ್ ಎಂಬ ವೈದ್ಯರು ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ಆರೋಗ್ಯವಾಗಿ ಕಾಣುವ ಮೇಕೆಗಳಲ್ಲೇ ರೋಗ ಇತ್ತು, ಹಾಲಿನಲ್ಲೂ ಬರುತ್ತಿತ್ತು. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆ 60ರಷ್ಟು ಮೇಕೆ ಹೊತ್ತು ಒಂದು ಹಡಗು ಹೊರಟಿತು. ದಾರಿಯಲ್ಲಿ ಹಡಗಿನವರು ಅವುಗಳ ಹಾಲು ಕುಡಿದರು, ಎಷ್ಟೋ ಜನ ಜ್ವರದಲ್ಲಿ ಬಿದ್ದರು. 1906ರಲ್ಲಿ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದರು. ಒಂದೆರಡು ವರ್ಷದಲ್ಲಿ ಸೈನ್ಯದಲ್ಲಿ ಆ ಜ್ವರ ಹೆಚ್ಚುಕಡಿಮೆ ನಿಂತೇ ಹೋಯಿತು.

ಕಥೆ ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ನಿಲ್ಲಿಸುತ್ತಾರೆ. ನನಗೆ ಇದರ ಮುಂದಿನ ಭಾಗವೇ ಮುಖ್ಯ. ಸೈನಿಕರು ಉಳಿದರು. ಮೇಕೆ ಸಾಕುತ್ತಿದ್ದ ಬಡವರು? ಅವರ ಹೆಂಡತಿ ಮಕ್ಕಳು? ಅವರಿಗೆ ಜ್ವರ ಬರುತ್ತಲೇ ಇತ್ತು. ಮಾಲ್ಟಾದಲ್ಲಿ ಹಾಲಿನ ಪಾಶ್ಚರೀಕರಣ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡುವುದು, ಶುರುವಾಗಿದ್ದು 1938ರಲ್ಲಿ. ಕಾರಣ ಗೊತ್ತಾಗಿ 33 ವರ್ಷ ಆದ ಮೇಲೆ.

ನಮ್ಮ ಕಥೆ ಹೇಗಿದೆ ನೋಡಿ. ಕರ್ನಾಟಕದಲ್ಲಿ ಮೊದಲ ಡೇರಿ ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಶುರುವಾಯಿತು. ಇವತ್ತು ಹಳ್ಳಿ ಹಳ್ಳಿಯಲ್ಲಿ ಸಂಘ ಇದೆ. ದಿನಕ್ಕೆ 80 ಲಕ್ಷ ಲೀಟರಿಗೂ ಜಾಸ್ತಿ ಹಾಲು ನಿಮ್ಮಂಥವರ ಕೈಯಿಂದ ಹೋಗುತ್ತಿದೆ. ಅದು ಟ್ಯಾಂಕರಿನಲ್ಲಿ ಹೋಗಿ, 72 ಡಿಗ್ರಿಯಲ್ಲಿ 15 ಸೆಕೆಂಡ್ ಬಿಸಿಯಾಗಿ, ತಕ್ಷಣ ತಣ್ಣಗಾಗಿ ಪ್ಯಾಕೆಟ್ ಸೇರುತ್ತದೆ. ಆ ಬಿಸಿಗೆ ಬ್ರುಸೆಲ್ಲಾ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಪ್ಯಾಕೆಟ್ ಕತ್ತರಿಸಿ ಕಾಫಿ ಮಾಡುವವರಿಗೆ ಈ ಭಯ ಇಲ್ಲ. ಪ್ಯಾಕೆಟ್ ಹಾಲನ್ನೂ ನಮ್ಮ ಜನ ಇನ್ನೊಂದು ಸಲ ಉಕ್ಕಿಸುತ್ತಾರೆ, ಇನ್ನೂ ಒಳ್ಳೆಯದೇ. ಆದರೆ ಆ ಹಾಲು ಕರೆದವಳಿಗೆ? ಕಸ ತೆಗೆದವಳಿಗೆ? ಕೊಟ್ಟಿಗೆಯಲ್ಲಿ ಪಾಶ್ಚರೀಕರಣದ ಯಂತ್ರ ಇಲ್ಲ. ಪೇಟೆಯವರನ್ನು ಕಾಪಾಡುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಹಾಲು ಕರೆಯುವವರನ್ನು ಕಾಪಾಡುವುದನ್ನು ಇನ್ನೂ ಕಲಿತಿಲ್ಲ. ಆಹಾರ ಸುರಕ್ಷತೆ ಅನ್ನುವ ದೊಡ್ಡ ಮಾತು ಪ್ಯಾಕೆಟ್ಟಿನಿಂದ ಶುರುವಾಗಬಾರದು, ಕೊಟ್ಟಿಗೆಯಿಂದ ಶುರುವಾಗಬೇಕು ಅನ್ನುವುದೇ ನನ್ನ ವಾದ.

ಈಗ ಹಸುವಿನ ಒಳಗೆ ಏನಾಗುತ್ತದೆ ನೋಡೋಣ. ಗಬ್ಬದ ಹಸುವಿನ ಗರ್ಭಕೋಶದಲ್ಲಿ ಎರಿಥ್ರಿಟಾಲ್ ಅನ್ನುವ ಒಂದು ಥರದ ಸಕ್ಕರೆ ಇರುತ್ತದೆ. ಈ ರೋಗಾಣುವಿಗೆ ಅದು ಹಬ್ಬದೂಟ. ಅದಕ್ಕೇ ಅಲ್ಲಿ ಹೋಗಿ ಸೇರಿ, ವಿಪರೀತ ಬೆಳೆದು, ಕಸವನ್ನು ಕೊಳೆಸಿ, ಐದು ತಿಂಗಳ ಮೇಲೆ ಯಾವಾಗಲಾದರೂ ಕಂದು ಹಾಕಿಸುತ್ತದೆ. ಆ ಕಂದು, ಆ ಕಸ, ಆ ಲೋಳೆ, ಆ ನೀರು, ಎಲ್ಲದರಲ್ಲೂ ಕೋಟಿ ಕೋಟಿ ರೋಗಾಣು. ಪಕ್ಕದ ಹಸು ಬಂದು ನೆಕ್ಕುತ್ತದೆ, ನಾಯಿ ಎಳೆದುಕೊಂಡು ಹೋಗುತ್ತದೆ. ಬಿರುಬಿಸಿಲಿಗೆ ಬಿದ್ದರೆ ಕೆಲವು ಗಂಟೆಗಳಲ್ಲಿ ಸಾಯುತ್ತದೆ. ನೆರಳಿನಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ತಿಪ್ಪೆ ಅಂದರೆ ನೆರಳು ಮತ್ತು ತೇವ, ಎರಡೂ.

ಇನ್ನೊಂದು ವಿಷಯ ಸರಿಯಾಗಿ ಕೇಳಿಸಿಕೊಳ್ಳಿ. ಎಷ್ಟೋ ಹಸುಗಳು ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸೂಲಿಗೆ ಸರಿಯಾಗಿ ಕರು ಹಾಕುತ್ತವೆ. ‘ಆಗ ಏನೋ ಆಗಿತ್ತು, ಈಗ ಸರಿಹೋಯ್ತು’ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಸರಿ ಹೋಗಿರುವುದಿಲ್ಲ. ರೋಗಾಣು ಕೆಚ್ಚಲಿನಲ್ಲಿ, ಅದರ ಪಕ್ಕದ ಗ್ರಂಥಿಗಳಲ್ಲಿ ಕೂತಿರುತ್ತದೆ, ಬದುಕಿರುವವರೆಗೂ. ಆಗಾಗ ಹಾಲಿನಲ್ಲಿ ಬರುತ್ತದೆ, ಪ್ರತಿ ಸಲ ಕರು ಹಾಕಿದಾಗ ಬರುತ್ತದೆ. ಮಾಲ್ಟಾದ ಮೇಕೆಗಳ ಹಾಗೆ ಹಸು ನೋಡಲು ಚೆನ್ನಾಗೇ ಇರುತ್ತದೆ.

ಕಂದು ಹಾಕಿದ ಹಸುವಿಗೆಲ್ಲ ಇದೇ ರೋಗ ಅಂತ ನಾನು ಹೇಳುತ್ತಿಲ್ಲ. ಬಿದ್ದರೂ ಹಾಕುತ್ತದೆ, ಬೂಸಲು ಹಿಡಿದ ಮೇವು ತಿಂದರೂ ಹಾಕುತ್ತದೆ, ಬೇರೆ ಸೋಂಕಿಗೂ ಹಾಕುತ್ತದೆ. ಪರೀಕ್ಷೆ ಆಗುವವರೆಗೆ ಮಾತ್ರ ಇದೇ ಅಂದುಕೊಂಡು ನಡೆದುಕೊಳ್ಳಿ. ಅಂದುಕೊಂಡಿದ್ದು ಸುಳ್ಳಾದರೆ ನಿಮಗೆ ಹೋಗುವುದು ಒಂದಿಷ್ಟು ಸುಣ್ಣ, ಒಂದು ಜೊತೆ ಕೈಗವಸು.

ಪರೀಕ್ಷೆ ಅಂದೆನಲ್ಲ, ಒಂದನ್ನು ಇಲ್ಲೇ ತೋರಿಸುತ್ತೇನೆ. ಮಾತು ಶುರು ಮಾಡುವ ಮೊದಲೇ ಇಟ್ಟಿದ್ದೆ, ಈಗ ಗಂಟೆ ಆಗುತ್ತಾ ಬಂತು. ಈ ಮೇಜಿನ ಮೇಲೆ ಎರಡು ಸಣ್ಣ ಗಾಜಿನ ಕೊಳವೆ ಇವೆ. ಎರಡರಲ್ಲೂ ಹಸಿ ಹಾಲು ಹಾಕಿ, ಈ ಸೀಸೆಯ ನೀಲಿ ದ್ರವ ಒಂದೊಂದು ಹನಿ ಬಿಟ್ಟಿದ್ದೆ. ಅದರಲ್ಲಿರುವುದು ಕೊಂದು ಬಣ್ಣ ಹಾಕಿದ ಬ್ರುಸೆಲ್ಲಾ, ಅದರಿಂದ ಅಪಾಯ ಇಲ್ಲ. ಅಲ್ಲಾಡಿಸಿ ನಮ್ಮ ಮೈ ಬಿಸಿಯಷ್ಟೇ ಬಿಸಿ ಇರುವ ನೀರಿನಲ್ಲಿ ಇಟ್ಟಿದ್ದೆ. ಆಗ ಎರಡೂ ತೆಳು ನೀಲಿ ಇದ್ದವು. ಮುಂದೆ ಬನ್ನಿ ಅಕ್ಕಾ, ಹತ್ತಿರ ನೋಡಿ. ಈ ಕಡೆಯದರಲ್ಲಿ ಕೆನೆ ಮೇಲೆ ಬಂದು ಬೆಳ್ಳಗೆ ನಿಂತಿದೆ, ಕೆಳಗಿನ ಹಾಲು ಹಾಗೇ ನೀಲಿ ಇದೆ. ಇದು ರೋಗ ಇಲ್ಲದ ಹಸುವಿನದು. ಆ ಕಡೆಯದು? ನೀವೇ ಹೇಳಿ. ಹೌದು, ಉಲ್ಟಾ. ಮೇಲೆ ಕೆನೆಯಲ್ಲಿ ನೀಲಿ ಉಂಗುರ, ಕೆಳಗೆ ಹಾಲು ಬೆಳ್ಳಗೆ. ರೋಗ ತಗುಲಿದ ಹಸುವಿನ ದೇಹ ಅದರ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಹಾಲಿಗೂ ಬರುತ್ತವೆ. ಹಾಲಿನಲ್ಲಿ ಅವು ನೀಲಿ ಬ್ರುಸೆಲ್ಲಾವನ್ನು ಹಿಡಿದು, ಕೆನೆಗೆ ಅಂಟಿಕೊಂಡು ಮೇಲೆ ತೇಲುತ್ತವೆ. ಅಷ್ಟೇ ಲೆಕ್ಕ.

ಇದನ್ನು ಹಾಲಿನ ಉಂಗುರ ಪರೀಕ್ಷೆ ಅನ್ನುತ್ತಾರೆ. ಒಂದೊಂದೇ ಹಸುವಿನ ರಕ್ತ ತೆಗೆಯುವ ಮೊದಲು ಡೇರಿಯ ಕ್ಯಾನಿನ ಹಾಲಿಗೇ ಮಾಡಬಹುದು. ಉಂಗುರ ಬಂದರೆ ಆ ಹಾಲು ಹಾಕಿದ ಮನೆಗಳ ಹಸುಗಳ ರಕ್ತ ನೋಡಬೇಕು. ಕೆಚ್ಚಲು ಬಾವು ಇದ್ದರೆ, ಗಿಣ್ಣು ಹಾಲಾಗಿದ್ದರೆ ಸುಳ್ಳು ಉಂಗುರ ಬರುವುದುಂಟು, ಅದಕ್ಕೇ ಇದೊಂದನ್ನೇ ನಂಬಬಾರದು. ರಕ್ತದ ಪರೀಕ್ಷೆ ನಾಲ್ಕೇ ನಿಮಿಷದ್ದು, ಗುಲಾಬಿ ಬಣ್ಣದ ದ್ರವದ ಜೊತೆ ಬೆರೆಸಿ ಗಂಟು ಕಟ್ಟುತ್ತದಾ ಅಂತ ನೋಡುವುದು. ಇವೆಲ್ಲದರ ಬಗ್ಗೆ ಕೆಲಸ ಮಾಡುವ ರಾಷ್ಟ್ರಮಟ್ಟದ ಸಂಸ್ಥೆ ನಿವೇದಿ ನಮ್ಮ ಯಲಹಂಕದಲ್ಲೇ ಇದೆ. ಅಂದರೆ ವಿದ್ಯೆ ದೂರದಲ್ಲಿಲ್ಲ.

ಇನ್ನು ಬಾಯಿಗೆ ಹೋಗುವ ವಿಷಯ. ನೊರೆ ಹಾಲು. ಕರೆದ ಬಿಸಿಗೇ ಮಕ್ಕಳಿಗೆ ಕುಡಿಸಿದರೆ ಶಕ್ತಿ ಬರುತ್ತದೆ ಅಂತ ನಮ್ಮ ಹಿರಿಯರು ಪ್ರೀತಿಯಿಂದಲೇ ಕುಡಿಸಿದರು. ನಾನೂ ಕುಡಿದು ಬೆಳೆದವನು. ದಯವಿಟ್ಟು ನಿಲ್ಲಿಸಿ. ಕೆಚ್ಚಲಿನ ಬಿಸಿ ಹಾಲು ಕಾಯಿಸಿದ ಬಿಸಿ ಅಲ್ಲ. ಕುರಿ ಮೇಯಿಸಲು ಹೋದವರು ಮೇಕೆ ಹಾಲನ್ನು ಅಲ್ಲೇ ಕರೆದು ಕುಡಿಯುತ್ತಾರೆ. ಕುರಿ ಮೇಕೆಗಳಲ್ಲಿ ಬರುವ ಬ್ರುಸೆಲ್ಲಾ ಹಸುವಿನದಕ್ಕಿಂತ ಮನುಷ್ಯನಿಗೆ ಜೋರು. ಮೂರು ಕಲ್ಲು ಹೂಡಿ ಕಾಯಿಸಿ ಕುಡಿಯಿರಿ. ಗಿಣ್ಣು ಹಬೆಯಲ್ಲಿ ಚೆನ್ನಾಗಿ ಬೆಂದಿರುತ್ತದೆ, ತೊಂದರೆ ಇಲ್ಲ. ಮೊಸರು, ಮಜ್ಜಿಗೆ, ಬೆಣ್ಣೆಗೆ ನಾವು ಹಾಲು ಕಾಯಿಸಿಯೇ ಹೆಪ್ಪು ಹಾಕುತ್ತೇವೆ. ಈ ಅಭ್ಯಾಸ ನಮ್ಮನ್ನು ಎಷ್ಟು ಕಾಪಾಡಿದೆ ಅಂತ ನಮಗೇ ಗೊತ್ತಿಲ್ಲ. ಹಸಿ ಹಾಲಿನ ಚೀಸ್ ತಿನ್ನುವ ದೇಶಗಳಲ್ಲಿ ಇವತ್ತಿಗೂ ಅದರಿಂದ ಕಾಯಿಲೆ ಬರುತ್ತದೆ. ಒಂದು ಮಾತ್ರ ಬಾಕಿ, ಪಂಚಾಮೃತ. ದೇವರಿಗೆ ಹಸಿ ಹಾಲೇ ಬೇಕು ಅನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಅಭಿಷೇಕಕ್ಕೆ ಹಸಿ ಹಾಲು ಇರಲಿ. ಮಕ್ಕಳ ಕೈಗೆ ಹಾಕುವ ತೀರ್ಥಕ್ಕೆ ಕಾಯಿಸಿ ಆರಿಸಿದ ಹಾಲು ಇರಲಿ. ನಮ್ಮ ಮನೆಯಲ್ಲಿ ಹಾಗೇ ಮಾಡುತ್ತೇವೆ.

ಕಸದ ವಿಷಯಕ್ಕೆ ಬಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಹಸು ಕರು ಹಾಕಿದ ಮೇಲೆ ಕಸವನ್ನು ಹಳೇ ಗೋಣಿಚೀಲದಲ್ಲಿ ಕಟ್ಟಿ, ಊರಾಚೆ ಆಲದ ಮರಕ್ಕೆ ನೇತು ಹಾಕುತ್ತಾರೆ. ಹಾಲು ಸುರಿಯುವ ಮರ, ಹಸುವೂ ಹಾಗೇ ಹಾಲು ಕೊಡಲಿ ಅಂತ. ನಾಯಿಗೆ ಸಿಗದ ಹಾಗೆ, ಬೇರೆ ದನ ನೆಕ್ಕದ ಹಾಗೆ ದೂರ ಇಡಬೇಕು ಅನ್ನುವ ಬುದ್ಧಿ ಅದರಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕಂದು ಹಾಕಿದ್ದರೆ ಮರಕ್ಕೆ ಬೇಡ. ಕಾಗೆ ಕಿತ್ತು ತಂದು ಕೆರೆ ಏರಿ ಮೇಲೆ ಹಾಕುತ್ತದೆ. ಎದೆಮಟ್ಟ ಗುಂಡಿ ತೋಡಿ, ಕಂದು, ಕಸ, ಒದ್ದೆಯಾದ ಹುಲ್ಲು ಎಲ್ಲ ಹಾಕಿ, ಮೇಲೆ ಸುಣ್ಣ ಸುರಿದು ಮುಚ್ಚಿ. ಕೈಗೆ ಏನೂ ಸಿಗದಿದ್ದರೆ ಎರಡು ಪ್ಲಾಸ್ಟಿಕ್ ಕವರ್ ತೊಟ್ಟು ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳಿ. ಬಾಯಿ ಮೂಗಿಗೆ ಟವಲ್ ಸುತ್ತಿ. ಉಸಿರಿನಲ್ಲೂ ಈ ರೋಗ ಹೋಗುತ್ತದೆ. 2019ರಲ್ಲಿ ಚೀನಾದ ಲಾಂಝೌ ಊರಿನಲ್ಲಿ ಇದರ ಲಸಿಕೆ ಮಾಡುವ ಕಾರ್ಖಾನೆಯಿಂದ ಗಾಳಿಗೆ ಸೋರಿ, ದನ ಮುಟ್ಟದ ಜನರೂ ಸೇರಿ 10,000ಕ್ಕೂ ಜಾಸ್ತಿ ಮಂದಿಗೆ ತಗುಲಿತು.

ಕಂದು ಹಾಕಿದ ಹಸುವಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸುವುದನ್ನೂ ನೋಡಿದ್ದೇನೆ. ಮನುಷ್ಯನಿಗೆ ವಾಸಿ ಮಾಡುವ ಔಷಧಿ ಇದೆ, ಹಸುವಿಗೆ ಈ ರೋಗ ತೊಲಗಿಸುವ ಚಿಕಿತ್ಸೆ ಇಲ್ಲ. ದುಡ್ಡೂ ದಂಡ, ಔಷಧಿಯ ಅಂಶ ಹಾಲಿಗೂ ಬರುತ್ತದೆ. 2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿದಾಗ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. ಕೆಚ್ಚಲು ಬಾವಿಗೆ ಔಷಧಿ ಹಾಕಿದಾಗಲೂ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಡಾಕ್ಟರನ್ನು ಕೇಳಿ, ಅಷ್ಟು ದಿನ ಹಾಕಬೇಡಿ.

ಇನ್ನು ಲಸಿಕೆ. ಇದರ ಹೆಸರು ಎಸ್ 19. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಜನ್ಮಕ್ಕೆ ಒಂದೇ ಸಲ. ಗಂಡು ಕರುವಿಗೆ ಹಾಕಬಾರದು, ಬೀಜ ಊದಿಕೊಳ್ಳುತ್ತದೆ. ಗಬ್ಬದ ಹಸುವಿಗೆ ಹಾಕಬಾರದು, ಲಸಿಕೆಯೇ ಕಂದು ಹಾಕಿಸಬಹುದು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ, ಕಂದು ರೋಗ ಎರಡಕ್ಕೂ ಸೇರಿಸಿ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಈ ಲಸಿಕೆ ಉಚಿತ. ಕಾಲುಬಾಯಿ ಲಸಿಕೆಗೆ ನೀವೇ ಹಸು ಹಿಡಿದುಕೊಂಡು ಬರುತ್ತೀರಿ. ಇದಕ್ಕೆ ಬರುವುದು ಕಡಿಮೆ. ಕಾಲುಬಾಯಿ ಜ್ವರ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ನಾಲ್ಕು ತಿಂಗಳ ಕರು ಹಾಲೂ ಕೊಡುವುದಿಲ್ಲ, ನೆನಪೂ ಆಗುವುದಿಲ್ಲ. ಎಂಟು ತಿಂಗಳು ದಾಟಿದರೆ ಆ ಅವಕಾಶ ಹೋಯಿತು. ಕರು ಹುಟ್ಟಿದ ದಿನ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇದು ಜೀವಂತ ಲಸಿಕೆ. ಹಾಕುವವರ ಕೈಗೆ ಸೂಜಿ ಚುಚ್ಚಿದರೆ, ಕಣ್ಣಿಗೆ ಹಾರಿದರೆ ಅವರಿಗೂ ರೋಗ ಬರುತ್ತದೆ. ಕರುವನ್ನು ಗಟ್ಟಿಯಾಗಿ ಹಿಡಿದುಕೊಡಿ. ಅವರೂ ಯಾರದೋ ಮನೆ ಮಕ್ಕಳು.

ಈಗ ಎಲ್ಲರ ಮನಸ್ಸಿನಲ್ಲಿರುವ, ಯಾರೂ ಕೇಳದ ವಿಷಯ. ರೋಗ ಇದೆ ಅಂತ ಗೊತ್ತಾದ ಹಸುವನ್ನು ಏನು ಮಾಡುತ್ತೀರಿ? ಸಂತೆಗೆ ಹೊಡೆಯುತ್ತೀರಿ. ನಾನು ಬೈಯುವುದಿಲ್ಲ. ಅರವತ್ತು ಎಪ್ಪತ್ತು ಸಾವಿರ ಸಾಲ ಮಾಡಿ ತಂದ ಹಸು. ಆದರೆ ಆ ಸಂತೆಯಲ್ಲಿ ಅದನ್ನು ಕೊಳ್ಳುವವರೂ ಸಾಲ ಮಾಡಿಯೇ ಬಂದಿರುತ್ತಾರೆ. ಈ ಊರಿನ ಹಸುಗಳಿಗೆ ರೋಗ ಬಂದಿದ್ದೂ ಹಾಗೇ ಯಾವುದೋ ಸಂತೆಯಿಂದ. ಆಸ್ಟ್ರೇಲಿಯಾದವರು 1970ರಲ್ಲಿ ದೇಶಕ್ಕೆಲ್ಲ ಸೇರಿದ ಅಭಿಯಾನ ಶುರು ಮಾಡಿ, ಪರೀಕ್ಷೆ ಮಾಡಿ, ರೋಗದ ದನಗಳನ್ನು ತೆಗೆದು, ರೈತರಿಗೆ ಪರಿಹಾರ ಕೊಟ್ಟು, 1989ರಲ್ಲಿ ದನಗಳಲ್ಲಿ ಈ ರೋಗ ಇಲ್ಲ ಅಂತ ಘೋಷಿಸಿಕೊಂಡರು. ನಮ್ಮಲ್ಲಿ ದನ ಕೊಲ್ಲುವ ದಾರಿ ಇಲ್ಲ. ಅದು ಬೇಕು ಅಂತ ನಾನು ಕೇಳುತ್ತಲೂ ಇಲ್ಲ. ಆದರೆ ಪರಿಹಾರದ ಮಾತನ್ನಾದರೂ ನಾವು ಕಲಿಯಬೇಕಿತ್ತು. ರೋಗ ಇದೆ ಅಂತ ಹೇಳಿದ ರೈತನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಅನ್ನುವ ಲೆಕ್ಕ ಇರುವವರೆಗೆ ಯಾರು ಬಾಯಿ ಬಿಡುತ್ತಾರೆ? ಸಂಘದ ನಿರ್ದೇಶಕರು ಇಲ್ಲಿದ್ದೀರಿ. ಲಾಭದ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಅಂತ ತೆಗೆದಿಡಿ. ಪಾಸಿಟಿವ್ ಬಂದ ಮನೆಗೆ ಇನ್ನೊಂದು ಹಸು ತರಲು ಬಡ್ಡಿ ಇಲ್ಲದ ಸಾಲ ಕೊಡಿ. ನಾನು ಸರ್ಕಾರಕ್ಕೂ ಇದನ್ನೇ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಕೊನೆಯದಾಗಿ ಜನರ ಆಸ್ಪತ್ರೆ. ನಮ್ಮಲ್ಲಿ ಹಸುವಿನ ಆಸ್ಪತ್ರೆ ಒಂದು ಬೀದಿ, ಜನರ ಆಸ್ಪತ್ರೆ ಇನ್ನೊಂದು ಬೀದಿ. ಅಲ್ಲಿನ ಡಾಕ್ಟರಿಗೆ ಹಸು ಕಂದು ಹಾಕಿದ್ದು ಗೊತ್ತಿಲ್ಲ, ಇಲ್ಲಿನ ಡಾಕ್ಟರಿಗೆ ನಿಮಗೆ ಜ್ವರ ಬಂದಿದ್ದು ಗೊತ್ತಿಲ್ಲ. ಎರಡೂ ಗೊತ್ತಿರುವವರು ನೀವೊಬ್ಬರೇ. ಹತ್ತು ಹದಿನೈದು ದಿನದ ಮೇಲೂ ಸಂಜೆ ಜ್ವರ, ರಾತ್ರಿ ಬೆವರು, ಸೊಂಟ ಮಂಡಿ ನೋವು, ಗಂಡಸರಿಗೆ ಬೀಜದಲ್ಲಿ ಊತ, ಇವು ಇದ್ದರೆ ಡಾಕ್ಟರು ಕೇಳದಿದ್ದರೂ ಹೇಳಿ: ‘ಸಾರ್, ನಮ್ಮನೇಲಿ ಹಸು ಕಂದು ಹಾಕಿತ್ತು.’ ಇದೊಂದು ಮಾತು ಬಾಯಿಪಾಠ ಮಾಡಿಕೊಳ್ಳಿ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದು ತೀರಾ ಅಪರೂಪ. ಕಾಯಿಲೆ ಬಂದವರ ತಟ್ಟೆ ಲೋಟ ಬೇರೆ ಇಡಬೇಡಿ.

ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ಯುವಕ ಕೇಳಿದರು: ‘ಇಂಜೆಕ್ಷನ್ ಹಾಕ್ಸಿದ್ರೆ, ಅಂದ್ರೆ ಕೃತಕ ಗರ್ಭಧಾರಣೆ ಮಾಡಿಸಿದ್ರೆ ಈ ರೋಗ ಬರುತ್ತಾ ಸಾರ್?’ ಪರೀಕ್ಷೆ ಮಾಡಿದ ಹೋರಿಗಳ ವೀರ್ಯವನ್ನೇ ಕಡ್ಡಿಯಲ್ಲಿ ತುಂಬುವುದು, ಭಯ ಬೇಡ. ಊರ ಹೋರಿಗಿಂತ ಅದೇ ಮೇಲು.

ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ‘ಡಾಕ್ಟ್ರಪ್ಪಾ, ನಮ್ಮ ಎಮ್ಮೆ ಹೋದ ವರ್ಷ ಕಂದು ಹಾಕ್ತು. ಈಗ ಮತ್ತೆ ಗಬ್ಬ, ಎಂಟು ತಿಂಗಳು. ಸೊಸೇನೇ ಅದಕ್ಕೆ ಎಲ್ಲಾ ಮಾಡೋದು. ಅವಳಿಗೀಗ ನಾಲ್ಕು ತಿಂಗಳು.’

ಅಜ್ಜಿ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಬಸುರಿ ಹೆಣ್ಣುಮಗಳಿಗೆ ಈ ರೋಗ ತಗುಲಿದರೆ ಅವಳ ಬಸಿರೂ ಇಳಿದುಹೋಗಬಹುದು. ಇವತ್ತು ಸಂಜೆ ಹಾಲು ಹಾಕುವ ಹೊತ್ತಿಗೆ ನಾನೇ ಬಂದು ಎಮ್ಮೆಯ ರಕ್ತ ತೆಗೆದುಕೊಳ್ಳುತ್ತೇನೆ. ಫಲಿತಾಂಶ ಬರುವವರೆಗೆ ಎಮ್ಮೆಯನ್ನು ಬೇರೆ ದನಗಳಿಂದ ದೂರ, ಒಂದು ಮೂಲೆಯಲ್ಲಿ ಕಟ್ಟಿ. ಇವತ್ತಿನಿಂದಲೇ ಅದರ ಕೆಲಸ ನಿಮ್ಮ ಮಗ ಮಾಡಲಿ. ಗುಂಡಿ ಈಗಲೇ ತೋಡಿಸಿಡಿ, ಒಂದು ಚೀಲ ಸುಣ್ಣ ತಂದಿಡಿ. ಈ ಕೈಗವಸು ತೆಗೆದುಕೊಳ್ಳಿ, ಹತ್ತು ಜೊತೆ ಇದೆ. ಎಮ್ಮೆ ಈಯುವ ಸೂಚನೆ ಕಂಡ ತಕ್ಷಣ, ರಾತ್ರಿ ಎಷ್ಟು ಹೊತ್ತಾಗಿರಲಿ, ನನಗೆ ಫೋನ್ ಮಾಡಿ. ಸೊಸೆ ಅವತ್ತು ಕೊಟ್ಟಿಗೆ ಕಡೆ ಬರುವುದೇ ಬೇಡ. ಸಾಧ್ಯವಾದರೆ ಒಂದು ವಾರ ತವರಿಗೆ ಕಳಿಸಿಬಿಡಿ.